ದೋಣಿ ಮುಚ್ಚಿದ ಮಾಳಿಗೆ

ನಮ್ಮ ಮನೆಯ ಮಾಳಿಗೆಯನ್ನು ಬಾಳಿನುದ್ದಕ್ಕೂ ಕಾಯ್ದವರು ನಮ್ಮ ಅತ್ತೆ. ಅದನ್ನು ಮುಳುಗಿಸಿದವರು ನಮ್ಮ ಮಾವ. ಹೀಗೆ ನೇರ ಹೇಳಿದರೆ ನನ್ನ ಗಂಡನಿಗೆ ಇಂದಿಗೂ ಸಿಟ್ಟು ಬರುತ್ತದೆ. ಬರಲಿ. ಆ ಮೂರು ದಿನ ಅವರು ರಾಯಚೂರಿನಲ್ಲಿ ಹತ್ತಿ ಗಿರಣಿಯ ಕೆಲಸದಲ್ಲಿದ್ದರು, ತಲೆಯ ಮೇಲೆ ಗಟ್ಟಿ ಸೂರಿತ್ತು. ದೇವದುರ್ಗದಲ್ಲಿದ್ದು ಕಣ್ಣಾರೆ ನೋಡಿದವಳು ನಾನು. ಮಾವನ ತಪ್ಪು ಹೇಳಿದ ಬಾಯಿಂದಲೇ ನನ್ನ ತಪ್ಪನ್ನೂ ಹೇಳುತ್ತೇನೆ. ಅದು ಅವರದಕ್ಕಿಂತ ದೊಡ್ಡದು.

ನಾನು ಮಾನ್ವಿಯವಳು. ಮದುವೆಯಾಗಿ ದೇವದುರ್ಗಕ್ಕೆ ಬಂದಾಗ ಎಪ್ಪತ್ತರ ದಶಕ ಅರ್ಧ ದಾಟಿತ್ತು. ಆಗ ನಮ್ಮ ಓಣಿಯಲ್ಲಿ ಸಿಮೆಂಟಿನ ತಾರಸಿ ಇದ್ದದ್ದು ಒಂದೋ ಎರಡೋ ಮನೆಗೆ. ಉಳಿದವೆಲ್ಲ ಮಣ್ಣಿನ ಮಾಳಿಗೆಗಳು. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಒತ್ತಾಗಿ ಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು, ಎಲ್ಲಕ್ಕೂ ಮೇಲೆ ಮೊಳದಷ್ಟು ದಪ್ಪ ಮಣ್ಣು. ಬೇಸಿಗೆಯಲ್ಲಿ ಇಂಥ ಮನೆಯ ಒಳಗೆ ಇದ್ದರೆ ಸ್ವರ್ಗ. ಮಳೆಗಾಲದಲ್ಲಿ ಮಾತ್ರ ಅದನ್ನು ಕಣ್ಣಿಟ್ಟು ಕಾಯಬೇಕು.

ಅತ್ತೆ ಕಾಯುತ್ತಿದ್ದರು. ಮುಂಗಾರಿನ ಮೊದಲ ಮಳೆಯಾದ ಮಿರಗಕ್ಕೆ ಮುಂಚೆ ಹಳ್ಳದ ದಂಡೆಯಿಂದ ಬಂಡಿಯಲ್ಲಿ ಸೌಳು ತರಿಸುತ್ತಿದ್ದರು. ಸೌಳು ಎಂದರೆ ಉಪ್ಪುಪ್ಪಾದ ಬಿಳಿ ಮಣ್ಣು. ಅದರಲ್ಲಿ ಹುಲ್ಲು ಹುಟ್ಟುವುದಿಲ್ಲ, ಒಂದು ಹನಿ ಬಿದ್ದರೆ ಬಿರುಕು ತಾನೇ ಕೂಡಿಕೊಳ್ಳುತ್ತದೆ. ಅದನ್ನು ಹರಡಿ, ನೀರು ಚಿಮುಕಿಸಿ, ಕಾಲಿನಿಂದ ತುಳಿದು, ದೋಣಿಯ ಕಡೆಗೆ ಇಳಿಜಾರು ಮಾಡುತ್ತಿದ್ದರು. ದೋಣಿ ಎಂದರೆ ಮಾಳಿಗೆಯ ನೀರನ್ನು ಹೊರಗೆ ಚೆಲ್ಲುವ ಕಲ್ಲಿನ ನಾಲಿಗೆ. ನಮ್ಮ ಮನೆಗೆ ಬೀದಿಯ ಕಡೆ ಒಂದು, ಹಿತ್ತಿಲ ಕಡೆ ಒಂದು. ಮಳೆ ಶುರುವಾಯಿತೋ, ಎಲ್ಲರೂ ಒಳಗೆ ಓಡಿದರೆ ನಮ್ಮತ್ತೆ ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು ನಿಚ್ಚಣಿಕೆ ಹತ್ತುತ್ತಿದ್ದರು. ಹೊಸ ಸೊಸೆಯಾದ ನನ್ನನ್ನೂ ಹಿಂದಿನಿಂದ ಎಳೆಯುತ್ತಿದ್ದರು.

"ಲೇ, ಬರೀ ರೊಟ್ಟಿ ಬಡಿಯಾಕ ಬಂದ್ರ ಸೊಸಿ ಆಗಂಗಿಲ್ಲ. ಮಾಳಿಗಿ ಕಲಿ," ಎನ್ನುತ್ತಿದ್ದರು. "ನಡು ತುಳೀಬ್ಯಾಡ, ಗ್ವಾಡಿ ಮ್ಯಾಲ ನಡಿ. ಇಲಿ ತೂತು ಕಂಡ್ರ ಹಿಮ್ಮಡಿ ಹಾಕಿ ತಿರುವು. ದ್ವಾಣಿ ಬಾಯಾಗ ಒಂದು ಎಲಿ ಸೈತ ನಿಂತಿರಬಾರದು. ಸೋರೋ ಮಾಳಿಗಿ ಯಾರನ್ನೂ ಕೊಲ್ಲಂಗಿಲ್ಲ ಬೇ. ನೀರು ನಿಂತ ಮಾಳಿಗಿ ಕೊಲ್ತದ."

ನಾವಿಬ್ಬರೂ ದಿನಕ್ಕೆ ನಾಲ್ಕು ಸಲ ಜಗಳವಾಡುತ್ತಿದ್ದೆವು. ಉಪ್ಪಿಗೆ, ಒಲೆಗೆ, ನನ್ನ ತವರಿನ ಮಾತಿಗೆ. ಮಾಳಿಗೆಯ ಮೇಲೆ ಮಾತ್ರ ಜಗಳವಿರಲಿಲ್ಲ. ಅಲ್ಲಿ ಅವರು ಹೇಳಿದ್ದು ಹೇಳಿದ್ದೇ, ನಾನು ಕೇಳಿದ್ದು ಕೇಳಿದ್ದೇ.

ಅಂಥ ಗಟ್ಟಿ ಹೆಂಗಸು ಸೀಗಿ ಹುಣ್ಣಿಮೆ ಆದ ನಾಲ್ಕನೆಯ ದಿನಕ್ಕೆ ಹೋಗಿಬಿಟ್ಟರು. ಎರಡೇ ದಿನದ ಜ್ವರ. ಅತ್ತು ಮುಗಿಸುವ ಮೊದಲೇ ಪಂಚಾಂಗ ನೋಡುವ ಅಯ್ಯನವರು ಬೆರಳು ಮಡಚಿ ಎಣಿಸಿ, ಕೆಟ್ಟ ನಕ್ಷತ್ರದಲ್ಲಿ ಜೀವ ಹೋಗಿದೆ, ಮೂರು ತಿಂಗಳು ಮನೆ ಬಿಡಬೇಕು ಎಂದರು. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಮನೆಯವರು ಯಾರೂ ಹೊಸ್ತಿಲು ದಾಟಬಾರದು, ಮನೆಯ ಯಾವ ಭಾಗಕ್ಕೂ ಕಾಲಿಡಬಾರದು, ಗಾಳಿ ಹೊಗುವಷ್ಟು ಕಿಂಡಿಯೂ ತೆರೆದಿರಬಾರದು. ಕಾಲಿಟ್ಟರೆ ಏನಾಗುತ್ತದೆ ಎಂದು ಮಾವ ಕೇಳಿದರು. ಅಯ್ಯನವರು ನನ್ನ ಸೊಂಟದ ಮೇಲಿದ್ದ ಕೂಸಿನ ಕಡೆ ನೋಡಿ, "ಮನ್ಯಾಗಿನ ಸಣ್ಣ ಜೀವಕ್ಕ ತ್ರಾಸ," ಎಂದರು.

ನನ್ನ ಮಗನಿಗೆ ಆಗ ಮೂರು ತುಂಬಿರಲಿಲ್ಲ. ಮಾವ ಕನ್ನಡ ಶಾಲೆಯಲ್ಲಿ ಜವಾನರಾಗಿದ್ದರು. ದಿನಾ ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಹೋಗಿ, ಅವನ ಕೈಯಿಂದಲೇ ಗಂಟೆ ಹೊಡೆಸಿ, ಮತ್ತೆ ಹೆಗಲ ಮೇಲೆ ಮನೆಗೆ ತಂದು ಬಿಡುತ್ತಿದ್ದರು. ಹುಡುಗ ನೆಲದ ಮೇಲೆ ನಡೆದದ್ದಕ್ಕಿಂತ ಅಜ್ಜನ ಹೆಗಲ ಮೇಲೆ ಕೂತದ್ದೇ ಹೆಚ್ಚು. ಅಯ್ಯನವರ ಮಾತು ಕೇಳಿದ್ದೇ ಮಾವನ ಮುಖ ಬಿಳಿಚಿಕೊಂಡಿತು. ಏಳನೆಯ ಇಯತ್ತೆ ಓದಿದವಳು, ಇಂಥದನ್ನೆಲ್ಲ ನಂಬುವುದಿಲ್ಲ ಎಂದು ಗಂಡನ ಮುಂದೆ ಜಂಬ ಕೊಚ್ಚಿದವಳು ನಾನು. ಆ ನಾನೇ ಮಗನನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಮನೆ ಬಿಟ್ಟವರಿಗೆ ಮನೆ ಕೊಡುವವರು ಯಾರು? ಓಣಿಯಲ್ಲಿ ಒಬ್ಬರೂ ಬಾಗಿಲು ತೆರೆಯಲಿಲ್ಲ. ಆ ನಕ್ಷತ್ರ ನಮ್ಮ ಬೆನ್ನು ಹತ್ತಿ ಅವರ ಮನೆಗೂ ಬಂದೀತು ಎಂಬ ಹೆದರಿಕೆ. ಮಾನ್ವಿಯ ನನ್ನ ಅಣ್ಣನ ಹೆಂಡತಿಯಂತೂ ಬಸ್ಸಿನವರ ಕೈಯಲ್ಲಿ ಹೇಳಿ ಕಳಿಸಿದಳು, ಮೂರು ತಿಂಗಳು ಈ ಕಡೆ ಮುಖ ಹಾಕಬೇಡಿ ಎಂದು. ಅವಳ ಬಾಯಿಗಿಷ್ಟು ಮಣ್ಣು ಹಾಕ! ಕೊನೆಗೆ ಕರೆದವಳು ನಮ್ಮ ಗೋಡೆಗೆ ಗೋಡೆ ಕೂಡಿದ ಮನೆಯ ಬೂಬಮ್ಮ. ಗಂಡ ತೀರಿಕೊಂಡಿದ್ದ, ಮುಂದಿನ ಕೋಣೆಯಲ್ಲಿ ಬಳೆ ಅಂಗಡಿ ಇಟ್ಟುಕೊಂಡು ಬದುಕುತ್ತಿದ್ದಳು.

"ನಮಗ ಈ ನಕ್ಷತ್ರ ಗಿಕ್ಷತ್ರ ಏನೂ ಇಲ್ಲಮ್ಮಾ. ಬಾಜು ಕೋಣಿ ಖಾಲಿ ಅದ, ಒಲಿ ಬ್ಯಾರೆ ಹೂಡ್ಕೋರಿ," ಎಂದಳು.

ನಾವು ಸಾಮಾನು ಸಾಗಿಸಿದ ದಿನ ಮಾವ ನಮ್ಮ ಮನೆಯನ್ನು ಮುಚ್ಚಿದರು. ಬಾಗಿಲಿಗೆ ಬೀಗ, ಬೀಗದ ಮೇಲೆ ಜಾಲಿಮುಳ್ಳಿನ ಕಂಟಿ. ಮಾಳಿಗೆಯ ಬೆಳಕಿಂಡಿಗೆ ಚಪ್ಪಡಿ, ಅದರ ಮೇಲೂ ಮುಳ್ಳು. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಅವರು ಎರಡೂ ದೋಣಿಯ ಬಾಯಿಗೆ ಮುಳ್ಳು ತುರುಕಿ, ಸುಣ್ಣ ಬೆರೆಸಿದ ಮಣ್ಣು ಮೆತ್ತಿ, ಕಲ್ಲು ಬಡಿದು, ಅಂಗೈಯಿಂದ ನುಣ್ಣಗೆ ಸವರಿದರು. ಶಾಲೆಯ ಗೋಡೆಗೆ ಗಿಲಾವು ಮಾಡಿದಷ್ಟು ಶಿಸ್ತಾಗಿ ಮಾಡಿದರು. ಮೊಮ್ಮಗನ ಜೀವದ ಪ್ರಶ್ನೆ ನೋಡಿ.

"ಮಾವಾರ, ದ್ವಾಣಿ ಮುಚ್ಚಬ್ಯಾಡ್ರಿ. ನೀರು ಎಲ್ಲಿಗೆ ಹೋಗಬೇಕು?" ಎಂದೆ.

"ದೀಪಾವಳಿ ಬಂತು. ಇನ್ನೆಲ್ಲಿ ಮಳಿ ಯವ್ವಾ? ಅದೂ ಒಂದು ಕಿಂಡಿನೇ," ಎಂದರು.

ನಾನು ಹೇಳಿದ್ದು ಅದೊಂದೇ ಸಲ. ಅತ್ತೆ ಇದ್ದಿದ್ದರೆ ಮಾವನ ಕೈಯಿಂದ ಕರಣಿ ಕಸಿದುಕೊಂಡು ಬೀದಿಗೆ ಎಸೆಯುತ್ತಿದ್ದರು. ನಾನು ಮಗನ ಮುಖ ನೋಡಿ ಸುಮ್ಮನಾದೆ. ಮಳೆ ಮುಗಿದಿದೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ದೀಪಾವಳಿ ಮುಗಿದು ಮೂರು ವಾರವಾಗಿತ್ತು, ಛಟ್ಟಿ ಅಮಾವಾಸ್ಯೆಗೆ ಇನ್ನೂ ಒಂದು ವಾರವಿತ್ತು. ಚಳಿ ಬಿದ್ದಿತ್ತು. ಹೊಲದಲ್ಲಿ ಹಿಂಗಾರಿ ಜೋಳ ಮೊಣಕಾಲಿಗೆ ಬಂದಿತ್ತು. ಬೂಬಮ್ಮನ ಮಗಳು ಚೊಚ್ಚಲ ಹೆರಿಗೆಗೆ ಬಂದವಳು ಹೆಣ್ಣು ಹೆತ್ತು ಆರು ದಿನವಾಗಿತ್ತು. ಅವಳು ಮಲಗಿದ್ದು ನಡುಕೋಣೆಯಲ್ಲಿ. ಆ ಕೋಣೆಯ ಗೋಡೆಯೇ ನಮ್ಮ ಮನೆಯ ಗೋಡೆ. ಎರಡೂ ಮನೆಯ ತೊಲೆಗಳು ಆ ಒಂದೇ ಕಲ್ಲು-ಮಣ್ಣಿನ ಗೋಡೆಯ ಮೇಲೆ ಕೂತಿದ್ದವು. ಆಗ ಆಂಧ್ರದ ಕಡೆ ಸಮುದ್ರದಲ್ಲಿ ತುಫಾನು ಎದ್ದಿದೆ ಎಂದು ರೇಡಿಯೋದಲ್ಲಿ ಹೇಳಿದರು. ಸಮುದ್ರ ಎಲ್ಲಿ, ದೇವದುರ್ಗ ಎಲ್ಲಿ ಎಂದುಕೊಂಡೆವು. ಮರುದಿನ ಬೆಳಗಿಗೆ ಮಳೆ ಹಿಡಿಯಿತು.

ಗುಡುಗಿಲ್ಲ, ಸಿಡಿಲಿಲ್ಲ. ಸಣ್ಣಗೆ, ಒಂದೇ ಸಮನೆ, ಬಿಡದೆ ಹೊಯ್ಯುವ ಜಡಿಮಳೆ. ಮೊದಲ ದಿನ ಎಲ್ಲರೂ ಜೋಳಕ್ಕೆ ಒಳ್ಳೆಯದು ಎಂದರು. ಎರಡನೆಯ ದಿನ ಬಸ್ಸು ನಿಂತವು. ಗಂಡ ರಾಯಚೂರಿನಲ್ಲೇ ಉಳಿದರು. ಆ ಮಧ್ಯಾಹ್ನ ನಾನು ಬಳೆ ಅಂಗಡಿಯ ಬಾಗಿಲಲ್ಲಿ ನಿಂತು ಬೀದಿ ನೋಡುತ್ತಿದ್ದೆ. ಸಾಲು ಮನೆಗಳ ದೋಣಿಗಳೆಲ್ಲ ಧೋ ಎಂದು ಸುರಿಯುತ್ತಿದ್ದವು, ಬೀದಿಯೇ ಹಳ್ಳವಾಗಿತ್ತು. ನಮ್ಮ ದೋಣಿಯಿಂದ ಮಾತ್ರ ಒಂದು ಹನಿಯೂ ಬೀಳುತ್ತಿರಲಿಲ್ಲ.

ಎರಡು ದಿನದ ನೀರು ಎಲ್ಲಿ ಹೋಯಿತು? ಬೂಬಮ್ಮನ ನಿಚ್ಚಣಿಕೆ ಹತ್ತಿ ಅವಳ ಮಾಳಿಗೆಗೆ ಹೋದೆ. ನಡುವಿನ ಕುಂಬಿಯ ಮೇಲಿಂದ, ಅಂದರೆ ಎರಡು ಮಾಳಿಗೆಗಳ ನಡುವಿನ ಮೋಟು ಗೋಡೆಯ ಮೇಲಿಂದ, ನಮ್ಮ ಮಾಳಿಗೆ ನೋಡಿದೆ. ಅಲ್ಲಿ ಮಾಳಿಗೆ ಇರಲಿಲ್ಲ, ಕೆರೆ ಇತ್ತು. ಬೆಳಕಿಂಡಿಯ ಮುಳ್ಳುಗಳು ಮಾತ್ರ ನೀರಿನ ಮೇಲೆ ಕಾಣುತ್ತಿದ್ದವು. ಕೆಳಗೆ ಇಳಿದು ನಡುಕೋಣೆಗೆ ಓಡಿದೆ. ಬಾಣಂತಿಯ ತಲೆದಿಂಬಿನ ಪಕ್ಕ ಗೋಡೆ ಬೆವರುತ್ತಿತ್ತು. ಅಂಗೈ ಇಟ್ಟರೆ ಮಣ್ಣು ಮೆತ್ತಗೆ ಒಳಕ್ಕೆ ಹೋಗುತ್ತಿತ್ತು. ಎದೆಯೆತ್ತರದಲ್ಲಿ ಗೋಡೆ ಹೊಟ್ಟೆ ಬಿಟ್ಟಿತ್ತು.

"ಮಾವಾರ, ಗ್ವಾಡಿ ಹೊಟ್ಟಿ ಬಿಟ್ಟದ. ಮಾಳಿಗಿ ಮ್ಯಾಲ ಮೊಣಕಾಲ ಮಟ ನೀರು ಅದಾವ. ದ್ವಾಣಿ ಒಡೀಬೇಕ್ರಿ, ಈಗಿಂದೀಗ."

ಮಾವ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಂಬಳಿ ಹೊದಿಸಿದ್ದರು. ತಲೆ ಎತ್ತಲಿಲ್ಲ.

"ಯಾರು ಒಡೀಬೇಕು?"

"ನಾ ಒಡೀತೀನಿ."

"ಈ ಕೂಸಿನ ತಾಯಿ ನೀ. ಅಲ್ಲಿ ಕಾಲಿಟ್ಟೀಯಂದ್ರ ನೋಡು," ಎಂದರು. ಅವರು ನನ್ನ ಮೇಲೆ ದನಿ ಏರಿಸಿದ್ದು ಅದೇ ಮೊದಲು. ಹುಡುಗ ಬೆಚ್ಚಿಬಿದ್ದು ಅಳತೊಡಗಿದ.

ಬೂಬಮ್ಮ ಕೇಳಿಸಿಕೊಂಡು ಬಂದಳು. "ನಾ ಹತ್ತತೀನಿ ಅಣ್ಣಾ. ನನಗೇನಾಗ್ತದ?" ಎಂದಳು. ಅವಳಿಗೆ ಮಂಡಿನೋವು, ಹೊಸ್ತಿಲು ದಾಟಲೂ ಗೋಡೆ ಹಿಡಿಯುವವಳು. ಮಾವ ಅದಕ್ಕೂ ಒಪ್ಪಲಿಲ್ಲ. "ನಮಗ ನೆರಳು ಕೊಟ್ಟಾಕಿ ನೀ. ನಮ್ಮನಿ ಗಂಡಾಂತರ ನಿನ್ನ ತಲಿ ಮ್ಯಾಲ ಹಾಕ್ಲೇನವ್ವಾ?" ಎಂದರು.

ನಾನು ಮಳೆಯಲ್ಲೇ ಬೀದಿಗೆ ಇಳಿದು ಮನೆ ಮನೆ ಬಾಗಿಲು ಬಡಿದೆ. ಗಂಡಸರಿದ್ದರು, ಸಲಿಕೆ ಗುದ್ದಲಿ ಇದ್ದವು. ಆ ಮಾಳಿಗೆಗೆ ಎಂದೊಡನೆ ಒಬ್ಬನಿಗೆ ಕಾಲುಳುಕು, ಇನ್ನೊಬ್ಬನಿಗೆ ಜ್ವರ. ಒಬ್ಬ ಯಜಮಾನ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತ, "ಮನಿ ಬಿದ್ರ ಕಟ್ಟಬಹುದು ತಂಗಿ, ಜೀವ ಹೋದ್ರ ಬರ್ತದೇನು?" ಎಂದ.

"ಗ್ವಾಡಿ ಬೀಳೋದು ಆರು ದಿನದ ಕೂಸಿನ ಮ್ಯಾಲ. ಅದಕ್ಕ ಜೀವ ಇಲ್ಲೇನು?" ಎಂದು ಕೂಗಿದೆ. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಬಾಣಂತಿಯನ್ನು ಬಳೆ ಅಂಗಡಿಗೆ ತಂದು ಮಲಗಿಸಿದೆವು. ಅದೂ ಅದೇ ಸೂರಿನ ಕೆಳಗೇ. ಗೋಡೆ ಹೋದರೆ ಅಂಗಡಿಯೂ ಉಳಿಯುವುದಿಲ್ಲ. ಬೂಬಮ್ಮನ ಕಡೆಯ ಇಬ್ಬರು ಮುದುಕಿಯರು ಆಚೆ ಓಣಿಯಿಂದ ಕರೆಯಲು ಬಂದರು. ಆದರೆ ಹುಡುಗಿಗೆ ಆಗಲೇ ಚಳಿಜ್ವರ ಹತ್ತಿ ಹಲ್ಲು ಕಟಕಟ ಎನ್ನುತ್ತಿದ್ದವು. ಆ ಗಾಳಿ ಮಳೆಯಲ್ಲಿ ಅವಳನ್ನು ಹೊರಗೆ ಒಯ್ಯಲು ಯಾರಿಗೂ ಧೈರ್ಯವಾಗಲಿಲ್ಲ. ಕತ್ತಲಾದ ಮೇಲೆ ಯಾರೂ ಮಲಗಲಿಲ್ಲ. ಬೂಬಮ್ಮ ತಸಬಿಯ ಜಪಮಣಿ ತಿರುಗಿಸುತ್ತ ಕೂತಳು. ನಾನು ಕೂತಲ್ಲೇ ಗೋಡೆಯ ಕಡೆ ಕಿವಿ ಕೊಟ್ಟಿದ್ದೆ.

ಮೂರನೆಯ ದಿನ ಬೆಳಗಾಯಿತು, ಮಳೆ ನಿಲ್ಲಲಿಲ್ಲ. ನಡುಕೋಣೆಯಲ್ಲಿ ಗೋಡೆಯ ಮೇಲ್ಭಾಗದಿಂದ ಒಂದು ಕಲ್ಲು ಜಾರಿ, ಹಿಂದಿನ ದಿನ ಬಾಣಂತಿಯ ತಲೆ ಇದ್ದ ಜಾಗದಲ್ಲೇ ಬಿತ್ತು. ಬೂಬಮ್ಮ ನನ್ನ ಮುಖ ನೋಡಿದಳು ಅಷ್ಟೇ. ಹೊರಗೆ ಹೋಗಿ ಎಂದು ಹೇಳಲಿಲ್ಲ, ನಿಮ್ಮಿಂದ ಹೀಗಾಯಿತು ಎಂದೂ ಹೇಳಲಿಲ್ಲ. ಬೈದಿದ್ದರೆ ಪುಣ್ಯ ಬರುತ್ತಿತ್ತು.

ನಾನು ಮಗನನ್ನು ಅವಳ ಮಡಿಲಲ್ಲಿ ಹಾಕಿದೆ. ಮೂಲೆಯ ಹಾರೆ ತೆಗೆದುಕೊಂಡೆ. ಧೈರ್ಯವಿತ್ತು ಎಂದು ಹೇಳಲಾರೆ. ಎರಡು ಕೂಸುಗಳಲ್ಲಿ ಒಂದನ್ನು ಆರಿಸು ಎಂದು ಯಾರೋ ಕುತ್ತಿಗೆ ಹಿಡಿದು ಕೇಳಿದಂತಿತ್ತು. ಶಿವನೇ, ನನ್ನದನ್ನು ಉಳಿಸು, ಅವಳದನ್ನೂ ಉಳಿಸು, ಎನ್ನುತ್ತ ನಿಚ್ಚಣಿಕೆ ಏರಿದೆ.

ಬೂಬಮ್ಮನ ಮಾಳಿಗೆಯ ಮೇಲೆ ಮಾವನ ಅಂಗಿ, ರುಮಾಲು, ಚಪ್ಪಲಿ ಬಿದ್ದಿದ್ದವು. ಅವರು ಕುಂಬಿಯ ಆಚೆ ನಮ್ಮ ಮಾಳಿಗೆಯ ನೀರಿನಲ್ಲಿ ಬರಿಮೈಯಲ್ಲಿ ನಿಂತಿದ್ದರು. ಯಾವಾಗ ಹತ್ತಿದ್ದರೋ ಗೊತ್ತಿಲ್ಲ. ನಾನು ಕುಂಬಿಯ ಮೇಲೆ ಕಾಲೆತ್ತಿದ್ದೇ ತಡ, ಕೂಗಿದರು.

"ಅಲ್ಲೇ ನಿಂದ್ರು! ಕಾಲಿಡಬ್ಯಾಡ! ನಿನ್ನ ಕೂಸಿನ ಆಣಿ ಅದ!"

"ನೀವು ಇಟ್ಟೀರಲ್ರೀ ಮಾವಾರ!"

"ನಾ ಈಗ ಈ ಮನಿಯಾವ ಅಲ್ಲ. ಈ ಮನಿ ಅರಿವಿ, ಚಪ್ಪಲಿ ಎಲ್ಲಾ ಕಳದು ಬಂದೀನಿ. ಮನಿಯಾವರು ಕಾಲಿಡಬಾರದು ಅಂದಾರ ಅಯ್ಯನವರು. ನಾ ಯಾರ ಪೈಕಿನೂ ಅಲ್ಲ, ಹೊರಗಿನಾವ," ಎಂದರು. ಹಲ್ಲು ಕಡಿಯುತ್ತಿದ್ದವು, ಕಣ್ಣು ಕೆಂಪಾಗಿದ್ದವು. ಇಡೀ ಹಿಂದಿನ ದಿನ ಮೊಮ್ಮಗನನ್ನು ತೊಡೆಯ ಮೇಲಿಟ್ಟುಕೊಂಡು ಅವರು ಯೋಚಿಸಿದ್ದು ಇದನ್ನು.

ಅವರಿಗೆ ಮಾಳಿಗೆ ಗೊತ್ತಿರಲಿಲ್ಲ. ಮಳೆಯಲ್ಲಿ ಅವರೆಂದೂ ಮೇಲೆ ಬಂದವರಲ್ಲ, ಅದು ಅತ್ತೆಯ ರಾಜ್ಯ. ದೋಣಿಯ ಕಡೆ ನೇರ ನಡುವಿನಿಂದ ಹೊರಟರು. ನಡುವಿನ ಮಣ್ಣು ಆಗಲೇ ಕುಸಿದು ತಗ್ಗಾಗಿತ್ತು. ನನ್ನ ಬಾಯಿಂದ ಅತ್ತೆಯ ಮಾತೇ ಹೊರಟಿತು. "ನಡು ತುಳೀಬ್ಯಾಡ್ರಿ! ಗ್ವಾಡಿ ಮ್ಯಾಲ ಬರ್ರಿ, ಕುಂಬಿ ಹಿಡಕೊಂಡು ಬರ್ರಿ!" ಅವರು ಹಾಗೇ ಬಂದರು. ಕುಂಬಿಯ ಮೇಲಿಂದ ಹಾರೆ ಚಾಚಿದೆ. ತೆಗೆದುಕೊಂಡರು, ನನ್ನ ಬೆರಳು ತಾಗದಂತೆ.

ಬೀದಿಯ ದೋಣಿ ಬಾಯಿ ಬಿಡಲಿಲ್ಲ. ತಮ್ಮ ಕೈಯಿಂದ ನುಣ್ಣಗೆ ಸವರಿದ ಗಿಲಾವು ಅದು. ನೀರಿನೊಳಗೆ ಕೈ ಹಾಕಿ, ಕಲ್ಲು ಕಿತ್ತು, ಮುಳ್ಳು ಎಳೆದರು. ಕೈಯಿಂದ ರಕ್ತ ಬಂದು ನೀರಿನಲ್ಲಿ ಕಲೆಯಿತು. ಪೂರ್ತಿ ಒಮ್ಮೆಲೇ ಬಿಟ್ಟರೆ ನುಗ್ಗುವ ನೀರು ಗೋಡೆಯ ತಲೆಯನ್ನೇ ಕೊಚ್ಚಿಕೊಂಡು ಹೋಗುತ್ತದೆ ಎಂದು ನನಗೆ ಗೊತ್ತಿತ್ತು. "ಸಣ್ಣಗ ಬಿಡ್ರಿ, ಮೊದಲ ಮುಷ್ಟಿಯಷ್ಟು!" ಎಂದು ಕೂಗಿದೆ. ಮುಷ್ಟಿಯಷ್ಟು ಬಿಟ್ಟರು. ಕೆಳಗೆ ಬೀದಿಯಲ್ಲಿ ಕೆಸರುನೀರು ಬಿದ್ದ ಸಪ್ಪಳ ಕೇಳಿ ಬೂಬಮ್ಮ ಗಟ್ಟಿಯಾಗಿ ಅತ್ತದ್ದು ನನಗೆ ಮೇಲಕ್ಕೆ ಕೇಳಿಸಿತು. ಬಾಗಿಲು ಹಾಕಿಕೊಂಡಿದ್ದವರೆಲ್ಲ ಈಗ ಕಟ್ಟೆಗೆ ಬಂದು ನಿಂತರು. ಆಮೇಲೆ ಹಿತ್ತಿಲ ದೋಣಿ. ಆಮೇಲೆ ನಾನು ಬೆರಳು ತೋರಿಸಿದಲ್ಲೆಲ್ಲ ಅವರು ಹಿಮ್ಮಡಿ ಹಾಕಿ ತುಳಿದರು. ಸಂಜೆಯತನಕ ನಾನು ಈಚೆ ನಿಂತು ಬೂಬಮ್ಮನ ಒಲೆಯ ಬೂದಿ, ಒಣಮಣ್ಣು ಬುಟ್ಟಿಯಲ್ಲಿ ದಾಟಿಸಿದೆ, ಅವರು ಆಚೆ ನಿಂತು ಹಾಕಿ ತುಳಿದರು. ನನ್ನ ಕಾಲು ನಮ್ಮ ಮಾಳಿಗೆಗೆ ತಾಗಲೇ ಇಲ್ಲ.

ಗೋಡೆ ನಿಂತಿತು. ನಮ್ಮ ಮನೆಯ ಒಂದು ಮೂಲೆಯ ಜಂತಿಗಳಷ್ಟೇ ಮುರಿದವು. ಆ ಕೂಸು ಬದುಕಿತು, ತಾಯಿಯ ಜ್ವರವೂ ಇಳಿಯಿತು. ಆ ಕೂಸೇ ದೊಡ್ಡವಳಾಗಿ ಇವತ್ತಿಗೂ ರಂಜಾನ್ ಹಬ್ಬಕ್ಕೆ ಸುರಕುಂಬಾ ಪಾಯಸ ಕಳಿಸುತ್ತಾಳೆ.

ಕೆಳಗಿಳಿದ ಮಾವ ಒಳಗೆ ಬರಲಿಲ್ಲ. ಮಳೆಯಲ್ಲೇ ಬೀದಿಯಲ್ಲಿ ನಿಂತರು. ಹುಡುಗ "ಅಜ್ಜಾ" ಎಂದು ಓಡಿದ. ಮಾವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹಿಂದಕ್ಕೆ ಸರಿದರು. "ಹಿಡಕೋ ಬೇ ಅವನ್ನ. ನನ್ನ ಮುಟ್ಟಿದ್ರ ನಾ ಮತ್ತ ಮನಿಯಾವ ಆಗ್ತೀನಿ. ಆಮ್ಯಾಲ ಎಲ್ಲಾ ಅವನ ಮ್ಯಾಲ ಬರ್ತದ," ಎಂದರು. ನಾನು ಹಿಡಿದುಕೊಂಡೆ.

ಅಂದಿನಿಂದ ಅವರು ಶಾಲೆಯ ಪಡಸಾಲೆಯಲ್ಲೇ ಉಳಿದರು. ಎರಡು ಹೊತ್ತು ರೊಟ್ಟಿ ಒಯ್ಯುತ್ತಿದ್ದೆ. ಹುಡುಗನನ್ನು ಕರೆದೊಯ್ಯುತ್ತಿರಲಿಲ್ಲ. ಅವನು ಅಜ್ಜ ಬೇಕೆಂದು ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದ. "ಅಜ್ಜನ್ನ ಮುಟ್ಟಬಾರದು, ಮುಟ್ಟಿದ್ರ ಬಾವು ಆಗ್ತದ," ಎಂದು ಹೆದರಿಸಿ ಹೆದರಿಸಿ ಸುಮ್ಮನಾಗಿಸಿದೆ. ರಾಯಚೂರಿನಿಂದ ಬಂದ ಗಂಡ ಅಪ್ಪನನ್ನು ಕರೆದುಕೊಂಡು ಬರುತ್ತೇನೆಂದು ಹೋಗಿ ಒಬ್ಬರೇ ವಾಪಸ್ಸು ಬಂದರು. ಇನ್ನು ಎರಡು ತಿಂಗಳು ತಾನೇ, ಮನೆ ತೆರೆದ ಮೇಲೆ ಎಲ್ಲ ಸರಿಹೋಗುತ್ತದೆ ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಂಡೆವು.

ಸಂಕ್ರಮಣ ಮುಗಿದು ವಾರದ ಮೇಲೆ ಮನೆ ತೆರೆದೆವು. ಮುಳ್ಳು ತೆಗೆದು, ಆಕಳನ್ನು ಮೊದಲು ಒಳಗೆ ಬಿಟ್ಟು, ಹಾಲು ಉಕ್ಕಿಸಿದ್ದಾಯಿತು. ಅಯ್ಯನವರು, "ಎಲ್ಲಾ ನಿವಾಳ ಆತು, ದೋಷ ಹೋತು. ಯಾರೂ ಕಾಲಿಟ್ಟಿಲ್ಲಲ್ಲ?" ಎಂದರು. ಓಣಿಯ ಮಂದಿಯೆಲ್ಲ ಅಲ್ಲೇ ಇದ್ದರು, ಎಲ್ಲರೂ ಕಣ್ಣಾರೆ ನೋಡಿದವರು. ಒಬ್ಬರೂ ಉಸಿರು ಬಿಡಲಿಲ್ಲ. "ಹಂಗಾರ ಹಿರ್ಯಾರು ಬರ್ರಿ ಒಳಗ," ಎಂದರು ಅಯ್ಯನವರು.

ಮಾವ ಎದುರು ಮನೆಯ ಕಟ್ಟೆಯ ಬಳಿ ನಿಂತಿದ್ದರು. ತೊಳೆದ ಧೋತರ ಉಟ್ಟಿದ್ದರು, ಕ್ಷೌರ ಮಾಡಿಸಿಕೊಂಡು ಬಂದಿದ್ದರು. ಹೊಸ್ತಿಲಿನವರೆಗೆ ಬಂದರು. ಅಯ್ಯನವರ ಕಡೆ ನೋಡಲಿಲ್ಲ, ನನ್ನ ಗಂಡನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದರು.

"ಬರ್ಲೇನವ್ವಾ?" ಎಂದರು, ನನಗಷ್ಟೇ ಕೇಳುವಂತೆ.

ಬರ್ರಿ ಎನ್ನುವುದು ಎರಡಕ್ಷರ. ಶತ್ರು ಬಾಗಿಲಿಗೆ ಬಂದರೂ ನಮ್ಮ ಕಡೆ ಹೇಳುವ ಮಾತು. ಹಿಂದಿನ ವಾರ ಹುಡುಗನಿಗೆ ಎರಡು ದಿನ ಕೆಮ್ಮು ಬಂದಿತ್ತು, ಬರೀ ಚಳಿಯ ಕೆಮ್ಮು. ನನ್ನ ತಲೆಯಲ್ಲಿ ಆ ಕೆಮ್ಮು ಒಂದೇ ಇತ್ತು. ಮಗ ಕೈ ಕೊಸರುತ್ತಿದ್ದ. ನಾನು ಇನ್ನೂ ಬಿಗಿಯಾಗಿ ಹಿಡಿದೆ.

"ಹುಡುಗಗ ಐದು ತುಂಬ್ಲಿ ಮಾವಾರ, ಜೀವ ಗಟ್ಟಿ ಆಗ್ಲಿ," ಎಂದೆ.

ಅವರ ಮುಖದಲ್ಲಿ ಸಿಟ್ಟು ಬರಲಿಲ್ಲ. ಬಂದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ಖರೇ ಅದ ಯವ್ವಾ. ನೀ ಶಾಣ್ಯಾಕಿ," ಎಂದು ತಲೆಯಾಡಿಸಿ, ಶಾಲೆಯ ಕಡೆ ನಡೆದರು. ಮೂಲೆಯ ಜಂತಿಗಳನ್ನು ಹೊಸದಾಗಿ ಹಾಕಿಸಿದೆವು. ಮುಂದಿನ ಮಿರಗಕ್ಕೆ ನಾನೇ ಸೌಳು ತರಿ‌ಸಿದೆ, ನಾನೇ ತುಳಿದೆ. ಆ ಮಾಳಿಗೆಯ ಕೆಳಗೆ ನಾವು ಮೂವರೂ ಬೆಚ್ಚಗೆ ಮಲಗಿದೆವು. ಅದನ್ನು ಉಳಿಸಿದವರು ಶಾಲೆಯ ಪಡಸಾಲೆಯಲ್ಲಿ ಕಂಬಳಿ ಹೊದ್ದು ಮಲಗುತ್ತಿದ್ದರು. ರೊಟ್ಟಿ ಒಯ್ದಾಗಲೆಲ್ಲ ಮೊದಲು ಕೇಳುತ್ತಿದ್ದುದು ಒಂದೇ ಮಾತು, ಹುಡುಗ ಆರಾಮ ಇದ್ದಾನೇನು ಎಂದು.

ಹುಡುಗನಿಗೆ ಐದು ತುಂಬಲು ಇನ್ನೂ ನಾಲ್ಕು ತಿಂಗಳಿರುವಾಗ ಮಾವ ಹೋದರು. ಒಂದು ಬೆಳಿಗ್ಗೆ ಶಾಲೆಯ ಗಂಟೆ ಆಗಲಿಲ್ಲ, ಮಾಸ್ತರರು ಓಡಿ ಬಂದು ಹೇಳಿದರು. ಮನೆಯ ಮುಂದೆ ತಂದು ಮಲಗಿಸಿದೆವು. ನಾನು ಎದೆ ಬಡಿದುಕೊಂಡು ಗೋಳಾಡಿದೆ, ಬಾಯಿಗೆ ಬಂದಂತೆ ನನ್ನನ್ನೇ ಬೈದುಕೊಂಡೆ. ಎತ್ತುವ ಹೊತ್ತಿಗೆ ಮಗನ ಕೈ ಬಿಟ್ಟು ಮುಂದಕ್ಕೆ ನೂಕಿದೆ.

"ಹೋಗಪ್ಪಾ. ಅಜ್ಜನ ಕಾಲು ಮುಟ್ಟು," ಎಂದೆ.

ಅವನು ಹೋಗಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನನ್ನ ಸೀರೆಗೆ ಒತ್ತಿ ನಿಂತ.

"ಮುಟ್ಟಬಾರದು ಅಂತ ನೀನೇ ಹೇಳಿದ್ಯಲ್ಲ ಬೇ," ಎಂದ.